ಹಳೇ ಕಾರಿಗೆ ಹೊಲಿಗೆ ಮಿಷನ್ ಎಣ್ಣೆ

ಟಕ್.

ಅಷ್ಟೇ. ಎಲ್ಲರೂ ಮಲಗಿದ ಮೇಲೆ ನಮ್ಮ ಕೋಣೆಯ ಕಿಟಕಿಯ ಕೆಳಗಿನಿಂದ ಬಂದ ಸಣ್ಣ ಸದ್ದು. ನಾನು ಎದ್ದು ಕೂತೆ. ಸದ್ದಾದರೆ ಎದ್ದು ಕೂರುವುದು ನನ್ನ ಕೆಲಸ. ಕಣ್ಣು ತೆರೆಯದೆ "ಏನೂ ಇಲ್ಲ, ಮಲ್ಕೊಳೇ" ಅನ್ನುವುದು ನಮ್ಮವರ ಕೆಲಸ. ಮದುವೆಯಾದಾಗಿನಿಂದ ನಾವಿಬ್ಬರೂ ನಮ್ಮ ನಮ್ಮ ಕೆಲಸವನ್ನು ತಪ್ಪದೆ ಮಾಡಿಕೊಂಡು ಬಂದಿದ್ದೇವೆ.

"ರೀ, ಯಾರೋ ನಮ್ಮ ಕಾರಿನ ಬಾಗಿಲು ತೆಗೀತಿದಾರೆ."

"ಯಾರೂ ತೆಗೀತಿಲ್ಲ. ಅದೇ ತಕ್ಕೊಳ್ಳತ್ತೆ."

"ಅದೇ ತಕ್ಕೊಳ್ಳತ್ತಾ?"

"ಲಾಕು ಕಣೇ. ರಾತ್ರಿ ಒಂದ್ಸಲ ತಾನೇ ತಕ್ಕೊಂಡು ತಾನೇ ಹಾಕ್ಕೊಳ್ಳತ್ತೆ. ಮಾರಿದವನು ಮೊದಲೇ ಹೇಳಿದ್ದ. ವಯಸ್ಸಾದವರು ರಾತ್ರಿ ಎದ್ದು ಚಿಲಕ ಹಾಕಿದೆಯಾ ಅಂತ ನೋಡಲ್ವಾ, ಹಾಗೆ."

ಪಕ್ಕದ ಕೋಣೆಯಿಂದ ಅತ್ತೆಯ ಧ್ವನಿ ಬಂತು. "ಯಾರಿಗೋ ವಯಸ್ಸಾಗಿದ್ದು?"

"ಕಾರಿಗಮ್ಮಾ!"

"ಹಾಗೆ ಹೇಳು."

ಕಾರು ಮನೆಗೆ ಬಂದ ಮೊದಲ ರಾತ್ರಿ ಅದು. ಬಿಳಿ ಬಣ್ಣದ, ಹಿಂದೆ ಉದ್ದನೆಯ ಡಿಕ್ಕಿ ಇರುವ ಹಳೇ ಕಾರು. ಒಂದು ಕಾಲದಲ್ಲಿ ದೊಡ್ಡ ಅಧಿಕಾರಿಗಳೂ ದೊಡ್ಡ ಡಾಕ್ಟರುಗಳೂ ಇಂಥದ್ದರಲ್ಲಿ ಓಡಾಡುತ್ತಿದ್ದರು. ಈಗ ಅವರ್ಯಾರೂ ಓಡಾಡುವುದಿಲ್ಲ ಎಂಬುದನ್ನು ನಮ್ಮವರು ಗಮನಿಸಿರಲಿಲ್ಲ. "ಕಾರು ಅಂದ್ರೆ ಡಿಕ್ಕಿ ಇರಬೇಕು. ಡಿಕ್ಕಿ ಇಲ್ಲದ ಕಾರು ಪೂರ್ಣವಿರಾಮ ಇಲ್ಲದ ವಾಕ್ಯ" ಎಂಬುದು ಅವರ ಸಿದ್ಧಾಂತ. ಅವರು ಪಠ್ಯಪುಸ್ತಕ ಅಚ್ಚು ಹಾಕುವ ಮುದ್ರಣಾಲಯದಲ್ಲಿ ಕರಡು ತಿದ್ದುತ್ತಾರೆ. ನೂರು ಪುಟದಲ್ಲಿ ಒಂದು ಅಲ್ಪವಿರಾಮ ಕಾಣೆಯಾಗಿದ್ದರೆ ಹಿಡಿದುಬಿಡುತ್ತಾರೆ. ಆದರೆ ಒಂದು ಕಾಲಿಗೆ ಕಪ್ಪು, ಒಂದು ಕಾಲಿಗೆ ಕಂದು ಕಾಲುಚೀಲ ಹಾಕಿಕೊಂಡು ಸಂಜೆಯವರೆಗೂ ನಿಶ್ಚಿಂತೆಯಾಗಿ ಇರಬಲ್ಲರು. ಕಾಗದದ ಮೇಲೆ ಇಲ್ಲದ್ದು ಅವರ ಕಣ್ಣಿಗೆ ಬೀಳುವುದಿಲ್ಲ.

ಈ ಕಾರು ಅವರು ಜೀವನದಲ್ಲಿ ಸ್ವಂತವಾಗಿ ತೆಗೆದುಕೊಂಡ ಮೊದಲ ತೀರ್ಮಾನ. ಅದುವರೆಗಿನ ತೀರ್ಮಾನಗಳನ್ನೆಲ್ಲ ತೆಗೆದುಕೊಂಡವರು ಅವರ ಭಾವ, ಅಂದರೆ ಅವರ ಅಕ್ಕನ ಗಂಡ. ನಮ್ಮ ಫ್ರಿಜ್ಜು, ನಮ್ಮ ಫ್ಯಾನು, ನಾವು ಬಾಡಿಗೆಗಿರುವ ಈ ಮನೆ ಎಲ್ಲ ಭಾವನ ಆಯ್ಕೆ. ಅವರ ಪ್ರಕಾರ ನಾನೂ.

ಭಾವ ಮಾರನೆಯ ದಿನವೇ ಬಂದು ಕಾರನ್ನು ಸುತ್ತು ಹಾಕಿ, ಚಕ್ರಕ್ಕೆ ಕಾಲಿನಿಂದ ಒದ್ದರು.

"ಇದೇನಪ್ಪಾ, ಗುಜರಿ ಅಂಗಡಿಗೆ ಹೋಗ್ತಿದ್ದ ಗಾಡೀನ ಅಡ್ಡಗಟ್ಟಿ ತಂದಿದೀಯಾ?"

"ಒಳ್ಳೇ ಗಾಡಿ ಭಾವ. ಒಬ್ಬರೇ ಓಡಿಸಿದ್ದು."

"ಒಬ್ಬರೇ ತಳ್ಳಿದ್ದೂ ಇರಬೇಕು. ವಾಪಸ್ ತಗೋತಾನಾ?"

"ಒಂದು ವಾರ ಓಡಿಸಿ ನೋಡಿ, ಹಿಡಿಸದಿದ್ರೆ ತನ್ನಿ ಅಂದಿದಾನೆ. ಆದ್ರೆ ನನಗೆ ಹಿಡಿಸಿದೆ."

"ನಿನಗೆ ಹಿಡಿಸಿದ್ರೆ ಸಾಕಾ? ಅತ್ತೆಮ್ಮ ಕೂರಬೇಕಲ್ಲ ಇದರಲ್ಲಿ. ಭಾನುವಾರ ಬರ್ತೀನಿ. ಎಲ್ಲರೂ ಕೂತು ನೀರಿನ ಟ್ಯಾಂಕಿನ ದಿಣ್ಣೆ ಹತ್ತೋಣ. ಹತ್ತಿದ್ರೆ ಗಾಡಿ ನಿನ್ನದು. ಹತ್ತದಿದ್ರೆ ಸೋಮವಾರ ನಾನೇ ವಾಪಸ್ ಬಿಟ್ಟುಬರ್ತೀನಿ. ಇನ್ಮೇಲೆ ಒಂದು ಸೂಜಿ ತಗೊಳ್ಳೋದಾದ್ರೂ ನನ್ನ ಕೇಳಿ ತಗೋ."

ನಮ್ಮವರು ತಲೆಯಾಡಿಸಿದರು. ಭಾವನ ಮುಂದೆ ಅವರ ತಲೆ ಮೇಲೆ ಕೆಳಗೆ ಮಾತ್ರ ಆಡುತ್ತದೆ, ಪಕ್ಕಕ್ಕೆ ಆಡುವುದಿಲ್ಲ.

ಆದರೆ ಕಾರು ದಿಣ್ಣೆಯಿರಲಿ, ನಮ್ಮ ಕಟ್ಟಡದ ಗೇಟಿನ ಸಣ್ಣ ಏರನ್ನೇ ಮೊದಲ ಸಲಕ್ಕೆ ಹತ್ತುತ್ತಿರಲಿಲ್ಲ. ಎರಡನೇ ಗೇರಿಗೆ ಹಾಕಿದ ಕೂಡಲೇ ಕೆಳಗಿನಿಂದ ಯಾರೋ ಪಾತ್ರೆ ಉರುಳಿಸಿದ ಹಾಗೆ ಗಡಗಡ. ಹಿಂದಿನ ಸೀಟಿನ ಒಂದು ಸ್ಪ್ರಿಂಗು ಅತ್ತೆಯನ್ನು ಒಂದೇ ಜಾಗದಲ್ಲಿ ಚುಚ್ಚುತ್ತಿತ್ತು. ಮುಂದಿನ ಗಡಿಯಾರ ಯಾವ ಕಾಲದಲ್ಲೋ ನಿಂತುಹೋಗಿತ್ತು.

ನಮ್ಮವರು ಎರಡು ರಾತ್ರಿ ಫೋನಿನಲ್ಲಿ ವೀಡಿಯೊಗಳನ್ನು ನೋಡಿ, ಶುಕ್ರವಾರ ಬೆಳಿಗ್ಗೆ ಸಂಶೋಧಕನ ಮುಖ ಹೊತ್ತು ಬಂದರು.

"ಕಾಯಿಲೆ ಗೊತ್ತಾಯ್ತು. ಒಣಗಿದೆ. ನಿನ್ನ ಹೊಲಿಗೆ ಮಿಷನ್ ಎಣ್ಣೆ ಎಲ್ಲಿ?"

"ಅದು ಹೊಲಿಗೆ ಮಿಷನ್ನಿಗೆ ರೀ."

"ಅದೂ ಮಿಷನ್ನು, ಇದೂ ಮಿಷನ್ನು."

ಬಾಟಲಿ ತೆಗೆದುಕೊಂಡು ಹೋಗಿ ಕಾರಿನಲ್ಲಿ ಎಲ್ಲೆಲ್ಲಿ ತೂತು ಕಂಡಿತೋ ಅಲ್ಲೆಲ್ಲ ನಾಲ್ಕು ನಾಲ್ಕು ಹನಿ ಬಿಟ್ಟರು. ಬಾಗಿಲ ಕೀಲು, ಬಾನೆಟ್ಟಿನ ಸಂದು, ಸೀಟಿನ ಸ್ಪ್ರಿಂಗು. ಕೊನೆಗೆ ಗಡಿಯಾರದ ಗಾಜಿನ ಅಂಚಿಗೂ ಒಂದು ಹನಿ, "ಇರಲಿ ಪಾಪ" ಎಂದು. ಆಮೇಲೆ ಅತ್ತೆಯನ್ನು ಕೂರಿಸಿಕೊಂಡು ದವಡೆ ಹಲ್ಲು ಕೀಳಿಸಲು ಹಲ್ಲಿನ ಡಾಕ್ಟರ ಹತ್ತಿರ ಹೊರಟರು. ಹೋಗುವಾಗ ಗಡಗಡ ಹಾಗೇ ಇತ್ತು. "ಇಳಿಯೋಕೆ ಸ್ವಲ್ಪ ಹೊತ್ತು ಬೇಕು" ಎಂದು ಕಿಟಕಿಯಿಂದ ಕೂಗಿ ಹೇಳಿದರು.

ನಾನು ಜೊತೆಗೆ ಹೋಗಲಿಲ್ಲ. ಹೋಗಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಮಧ್ಯಾಹ್ನ ಗೇಟಿನ ಹತ್ತಿರ ಗಲಾಟೆ ಕೇಳಿ ಕೆಳಗಿಳಿದೆ. ಕಾವಲುಗಾರ ಕಾರಿಗೆ ಅಡ್ಡ ನಿಂತಿದ್ದ.

"ಸಾರ್, ಸ್ಟಿಕ್ಕರ್ ಇಲ್ಲ. ಸ್ಟಿಕ್ಕರ್ ಇಲ್ಲದ ಗಾಡಿ ಒಳಗೆ ಬಿಡಬೇಡ ಅಂತ ಸಂಘದೋರು ಹೇಳಿದಾರೆ."

"ಮೊನ್ನೆ ನೀನೇ ತಾನೇ ಅಂಟಿಸಿದ್ದು!"

"ಅಂಟಿಸಿದ್ದೆ ಸಾರ್. ಈಗ ಇಲ್ಲ ಸಾರ್."

"ಬಿಸಿಲಿಗೆ ಅಂಟು ಕರಗಿರತ್ತೆ. ಇನ್ನೊಂದು ಅಂಟಿಸು. ಅಮ್ಮನ ಹಲ್ಲು ಕಿತ್ತಿದಾರೆ, ಕಾಣಲ್ವಾ?"

ಹಿಂದಿನ ಸೀಟಿನಲ್ಲಿ ಅತ್ತೆ ಬಾಯಿ ತುಂಬ ಹತ್ತಿ ಕಚ್ಚಿಕೊಂಡು ಕೂತಿದ್ದರು. ಸಂಜೆಯವರೆಗೆ ಬಾಯಿ ತೆರೆಯಬಾರದೆಂದು ಡಾಕ್ಟರ ಅಪ್ಪಣೆಯಾಗಿತ್ತು. ನನ್ನನ್ನು ಕಂಡದ್ದೇ ಅವರ ಕಣ್ಣು ದೊಡ್ಡದಾಯಿತು. "ಮ್ಮ್! ಮ್ಮ್ ಮ್ಮ್!" ಎನ್ನುತ್ತ ಸೀಟು ತಟ್ಟಿದರು, ತಮ್ಮ ಬೆನ್ನು ತಟ್ಟಿಕೊಂಡರು, ಕಾರಿನ ಸೂರು ತೋರಿಸಿದರು, ಕೈ ಅಡ್ಡಡ್ಡ ಆಡಿಸಿದರು.

"ದಾರಿಯುದ್ದಕ್ಕೂ ಹೀಗೇ" ಎಂದರು ನಮ್ಮವರು ಕನಿಕರದಿಂದ. "ನೋವು ಹಲ್ಲಿನಿಂದ ಬೆನ್ನಿಗೆ ಇಳಿದಿದೆ. ಪಾಪ, ತಲೆಗೂ ಏರಿದೆ."

ಅತ್ತೆ ಹಣೆ ಚಚ್ಚಿಕೊಂಡರು.

"ನೋಡು, ನೋಡು, ತಲೆಗೇ."

ಅಷ್ಟರಲ್ಲಿ ಹೊಸ ಸ್ಟಿಕ್ಕರ್ ಅಂಟಿತು. ಕಾರು ಗೇಟಿನ ಏರನ್ನು ಬೆಣ್ಣೆಯ ಮೇಲೆ ಚಾಕು ಹೋದಂತೆ ಹತ್ತಿತು. ಗಡಗಡವಿಲ್ಲ, ಗೊಣಗಾಟವಿಲ್ಲ. ಕಾವಲುಗಾರ ಬಾಯಿ ತೆರೆದ. ನಾನೂ ತೆರೆದೆ. ತೆರೆಯಲಾಗದೆ ಇದ್ದವರು ಅತ್ತೆ ಒಬ್ಬರೇ.

"ಎಣ್ಣೆ!" ಎಂದು ನಮ್ಮವರು ಕಿಟಕಿಯಿಂದ ಒಂದೇ ಪದ ಘೋಷಿಸಿದರು. ಕಾರು ನಿಲ್ಲಿಸಿ, ಧೂಳು ಬೀಳದಿರಲೆಂದು ಅದಕ್ಕೆ ನೆಲ ಮುಟ್ಟುವ ಹೊದಿಕೆ ಹೊದಿಸಿ, ಎರಡು ಸಲ ಪ್ರೀತಿಯಿಂದ ತಟ್ಟಿ ಬಂದರು.

ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಸದ್ದಾಯಿತು ಎಂದಲ್ಲ, ಆಗಲಿಲ್ಲ ಎಂದು. ಆ 'ಟಕ್'ಗೆ ಕಾದೂ ಕಾದೂ ಸಾಕಾಯಿತು.

"ರೀ, ಲಾಕು ಸದ್ದು ಮಾಡಲಿಲ್ಲ."

"ಎಣ್ಣೆ" ಎಂದರು ನಿದ್ದೆಯಲ್ಲೇ.

ಶನಿವಾರ ಬೆಳಿಗ್ಗೆ ಅತ್ತೆಯ ಬಾಯಿಂದ ಹತ್ತಿ ಹೋಗಿತ್ತು. ತಿಂಡಿಗೆ ಕೂತಾಗ ನಿಧಾನವಾಗಿ ಹೇಳಿದರು, "ಲೋ, ನಿನ್ನೆ ಬರುವಾಗ ಸೀಟು ಚುಚ್ಚಲೇ ಇಲ್ಲ ಕಣೋ."

"ನೋಡಿದ್ಯಾಮ್ಮಾ! ಸ್ಪ್ರಿಂಗಿಗೂ ಎಣ್ಣೆ ಬಿಟ್ಟಿದ್ದೆ. ನಾಳೆ ಭಾವ ಏನಂತಾರೋ ನೋಡೋಣ. ಮೊದಲನೇ ಸಲ ನಾನು ಏನೋ ಒಂದನ್ನ ಸರಿಯಾಗಿ ಮಾಡಿದೀನಿ ಅಲ್ವಾ?"

ಅತ್ತೆ ಮಗನ ಮುಖವನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಗಂಜಿಯ ಬಟ್ಟಲನ್ನು ಬಾಯಿಗೆತ್ತಿಕೊಂಡರು. ಹಲ್ಲಿನ ಜಾಗ ನೋಯುತ್ತಿರಬೇಕು ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಸುದ್ದಿ ಕಟ್ಟಡವೆಲ್ಲ ಹಬ್ಬಿತ್ತು. ಹಬ್ಬಿಸಿದವನು ಕಾವಲುಗಾರ. ಮೇಲಿನ ಮನೆಯ ಮೇಷ್ಟ್ರು ಸಣ್ಣ ಬಟ್ಟಲು ಹಿಡಿದು ಬಂದರು. "ನಮ್ಮ ಸ್ಕೂಟರ್ ಬೆಳಿಗ್ಗೆ ಕೆಮ್ಮತ್ತೆ. ಒಂದೆರಡು ಹನಿ ಕೊಡ್ತೀರಾ?" ಆ ಸ್ಕೂಟರ್ ಅವತ್ತೇ ಏನು ಕಾರಣಕ್ಕೋ ಒಂದೇ ಒದೆತಕ್ಕೆ ಎದ್ದು ಕೂತಿತು. ಅಲ್ಲಿಂದ ಮುಂದೆ ನಮ್ಮ ಮನೆ ಆಸ್ಪತ್ರೆಯ ಹೊರರೋಗಿ ವಿಭಾಗವಾಯಿತು. ಒಬ್ಬರು ಮಿಕ್ಸಿಯ ವಿಷಯ ಕೇಳಿದರು. ಇನ್ನೊಬ್ಬರು ಮೊಣಕಾಲಿನ ವಿಷಯ ಕೇಳಿದರು.

"ಮೊಣಕಾಲಿಗೆ ನಾನು ಇನ್ನೂ ಪ್ರಯೋಗ ಮಾಡಿಲ್ಲ" ಎಂದರು ನಮ್ಮವರು ವಿನಯದಿಂದ. "ಇನ್ನೂ" ಎಂಬ ಆ ಪದ ನನ್ನನ್ನು ಹೆದರಿಸಿತು.

ಬಾಟಲಿ ಖಾಲಿಯಾಯಿತು. ನನ್ನ ಹೊಲಿಗೆ ಮಿಷನ್ನು ಎಣ್ಣೆಯಿಲ್ಲದೆ ಗಡಗಡ ಅನ್ನತೊಡಗಿತು. ಕಾರು ಬಿಟ್ಟ ಸದ್ದು ಎಲ್ಲಿಗೆ ಹೋಯಿತೆಂದು ಯಾರೂ ನನ್ನನ್ನು ಕೇಳಲಿಲ್ಲ.

ಭಾನುವಾರ ಭಾವ ಬಂದರು. ತಮ್ಮ ಹೊಸ ಕಾರನ್ನು ಗೇಟಿನ ಎದುರೇ ನಿಲ್ಲಿಸಿ, ಶವಪರೀಕ್ಷೆಗೆ ಬಂದ ಡಾಕ್ಟರಂತೆ ತೋಳು ಮಡಚಿಕೊಂಡು ನಮ್ಮ ಕಾರಿನ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಅತ್ತೆ, ನಾನು. ನಮ್ಮವರ ಕಿವಿಯ ತುದಿ ಕೆಂಪಾಗಿತ್ತು. ಕೀಲಿ ತಿರುವಿದರು. ಕಾರು ಹೊರಟಿತು.

ದಿಣ್ಣೆಯ ಬುಡ ಬಂತು. "ಇಲ್ಲೇ ಇಳಿದು ತಳ್ಳೋಕೆ ಶುರು ಮಾಡೋಣ್ವಾ?" ಎಂದರು ಭಾವ.

ಕಾರು ಏರತೊಡಗಿತು. ಅರ್ಧ ಏರಿದಾಗ ಭಾವ ಮಡಚಿದ ತೋಳು ಬಿಚ್ಚಿದರು. ಮುಕ್ಕಾಲು ಏರಿದಾಗ ಕಿವಿಯನ್ನು ಬಾಗಿಲಿಗೆ ಹಚ್ಚಿ ಆಲಿಸಿದರು. ನಾನು ಗಾಬರಿಯಲ್ಲಿ ಸೀಟಿನ ಸಂದಿಗೆ ಕೈ ತುರುಕಿಕೊಂಡು ಕೂತಿದ್ದೆ. ಬೆರಳಿಗೆ ಏನೋ ಗಟ್ಟಿಯಾದದ್ದು ತಾಗಿತು. ಎಳೆದೆ. ಕನ್ನಡಕದ ಪೆಟ್ಟಿಗೆ. ಒಳಗೆ ದಪ್ಪ ಗಾಜಿನ, ಒಂದು ಕಡ್ಡಿಗೆ ದಾರ ಸುತ್ತಿದ ಕನ್ನಡಕ. ನಮ್ಮ ಮನೆಯಲ್ಲಿ ಯಾರಿಗೂ ಕನ್ನಡಕವಿಲ್ಲ.

ಅತ್ತೆ ಅದನ್ನು ನೋಡಿದರು. ನನ್ನನ್ನು ನೋಡಿದರು. ಆಮೇಲೆ ಕಿಟಕಿಯಾಚೆ ನೀರಿನ ಟ್ಯಾಂಕನ್ನು ನೋಡತೊಡಗಿದರು, ಅಂಥದ್ದನ್ನು ಹಿಂದೆಂದೂ ಕಂಡಿಲ್ಲವೆಂಬಂತೆ.

ಮೇಲೆ ಹೋಗಿ ಎಲ್ಲರೂ ಇಳಿದೆವು. ನಾನು ಗಾಳಿಗೆ ಹೋಗುವವಳಂತೆ ಕಾರಿನ ಹಿಂದೆ ಹೋದೆ. ನಂಬರ್ ಫಲಕ ನೋಡಿದೆ. ಸ್ಟಿಕ್ಕರಿಗಾಗಿ ಕಾವಲುಗಾರನಿಗೆ ಕಾರಿನ ನಂಬರ್ ಹೇಳಿದವಳು ನಾನೇ, ಅದು ನನಗೆ ಬಾಯಿಪಾಠವಾಗಿತ್ತು. ಇದು ಆ ನಂಬರಲ್ಲ. ಒಂದು ಅಂಕಿಯೂ ಹೊಂದುತ್ತಿರಲಿಲ್ಲ.

ಅಂದರೆ ನಾವು ಕಳ್ಳರು. ಇಡೀ ಸಂಸಾರ ಕದ್ದ ಕಾರಿನಲ್ಲಿ ದಿಣ್ಣೆ ಹತ್ತಿ, ಪೊಲೀಸರಿಗೆ ದೂರದಿಂದಲೂ ಕಾಣುವಂಥ ಜಾಗದಲ್ಲಿ ಸಾಲಾಗಿ ನಿಂತಿದ್ದೇವೆ.

ಅದೇ ಕ್ಷಣದಲ್ಲಿ ಭಾವ ನಮ್ಮವರ ಭುಜದ ಮೇಲೆ ಕೈಯಿಟ್ಟರು. ಕೆಮ್ಮಿದರು. ಗಂಟಲು ಸರಿಮಾಡಿಕೊಂಡರು. "ಪರವಾಗಿಲ್ಲ ಕಣಯ್ಯಾ" ಎಂದರು. "ನಿನಗೂ ಏನೋ ಸ್ವಲ್ಪ ತಿಳಿಯತ್ತೆ."

ನಮ್ಮವರು ಭಾವನನ್ನು ನೋಡಿ, ಟ್ಯಾಂಕನ್ನು ನೋಡಿ, ನನ್ನ ಕಡೆ ತಿರುಗಿದರು. ಆ ಮುಖದಲ್ಲಿದ್ದ ಬೆಳಕನ್ನು ಮದುವೆಯ ದಿನವೂ ನಾನು ಕಂಡಿರಲಿಲ್ಲ. ಅವತ್ತು ಸೂಟಿನ ಆಯ್ಕೆ ಭಾವನದಾಗಿತ್ತು.

ನಾನು ಕನ್ನಡಕವನ್ನು ಬ್ಯಾಗಿಗೆ ಹಾಕಿಕೊಂಡು ಬಾಯಿ ಮುಚ್ಚಿದೆ.

ಹೊರಡುವಾಗ ಭಾವ ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳಿದರು, "ಆ ಎಣ್ಣೆ ಯಾವ ಅಂಗಡೀಲಿ ಸಿಗತ್ತಮ್ಮಾ?"

ಸೋಮವಾರ ನಮ್ಮವರು ಎಂದಿನಂತೆ ಬಸ್ಸಿನಲ್ಲಿ ಮುದ್ರಣಾಲಯಕ್ಕೆ ಹೋದರು. ಗಾಡಿಗೂ ವಿಶ್ರಾಂತಿ ಬೇಕೆಂಬುದು ಅವರ ಮತ. ಬಸ್ಸು ತಿರುವು ದಾಟುತ್ತಲೇ ನಾನು ಹಲ್ಲಿನ ಆಸ್ಪತ್ರೆಗೆ ಫೋನ್ ಮಾಡಿದೆ. ಕಾರು ಅಂದರೆ ಪೊಲೀಸರು ಬರಬಹುದೆಂದು ಕನ್ನಡಕ ಅಂದೆ.

"ಅಲ್ಲೇನಾದ್ರೂ ಕನ್ನಡಕ ಕಳ್ಕೊಂಡೋರು ಯಾರಾದ್ರೂ..."

"ಅಯ್ಯೋ, ನಿಮಗೆ ಸಿಕ್ಕಿದ್ಯಾ?" ಎಂದಳು ಫೋನೆತ್ತಿದ ಹುಡುಗಿ. "ಆ ಮೇಡಂ ದಿನಾ ಎರಡು ಸಲ ಕೇಳ್ತಿದಾರೆ. ಕನ್ನಡಕ ಬಂತಾ ಅಂತಾರೆ, ಆದ್ರೆ ಕಾರು ನಿಲ್ಲಿಸೋ ಜಾಗದ ವಿಷಯಾನೇ ವಿಚಾರಿಸ್ತಾರೆ. ನಂಬರ್ ಕೊಡ್ಲಾ?"

ಆ ಮೇಡಮ್ಮಿಗೆ ಫೋನ್ ಮಾಡಿದೆ; ಆಸ್ಪತ್ರೆಯ ಹಿಂದೆ ಭೇಟಿಯಾಗುವುದೆಂದು ಮಾತಾಯಿತು. ನನಗೆ ಲೈಸೆನ್ಸ್ ಇದೆ. ನಮ್ಮವರಿಗಿಂತ ಮೊದಲೇ ಸಿಕ್ಕಿದ್ದರಿಂದ ಮನೆಯಲ್ಲಿ ಅದರ ಮಾತು ಎತ್ತುವುದಿಲ್ಲ. ಅಡುಗೆಮನೆಯ ಚೂರಿಯಿಂದ ಹೊಸ ಸ್ಟಿಕ್ಕರನ್ನು ಕೆರೆದು ತೆಗೆದು, ಕಾರು ಹೊರಗೆ ತಂದೆ. ಕಾವಲುಗಾರ ಊಟದ ಡಬ್ಬಿ ತೆರೆದಿದ್ದ, ತಲೆ ಎತ್ತಲಿಲ್ಲ.

ಆಸ್ಪತ್ರೆಯ ಹಿಂದಿನ ಜಾಗದಲ್ಲಿ ನಮ್ಮ ಕಾರು ನಿಂತಿತ್ತು. ಅದರ ಪಕ್ಕದಲ್ಲಿ ನನ್ನದೇ ವಯಸ್ಸಿನ ಒಬ್ಬ ಹೆಂಗಸು, ನನ್ನ ಹಾಗೇ ಎಡಕ್ಕೂ ಬಲಕ್ಕೂ ನೋಡುತ್ತ ನಿಂತಿದ್ದಳು. ನಾವು ಮೊದಲು ಕಾರುಗಳನ್ನು ನೋಡಿಕೊಂಡೆವು. ಆಮೇಲೆ ಒಬ್ಬರನ್ನೊಬ್ಬರು. ಆಮೇಲೆ ಇಬ್ಬರಿಗೂ ನಗು ತಡೆಯಲಿಲ್ಲ.

"ನಿಮ್ಮೆಜಮಾನರಿಗೂ ಗೊತ್ತಾಗಲಿಲ್ವಾ?" ಎಂದೆ.

"ಗೊತ್ತಾಗೋದೆಲ್ಲಿ? ಹಲ್ಲಿಗೆ ರೂಟ್ ಕೆನಾಲ್ ಮುಗಿಸಿ ಅರ್ಧ ಮುಖ ಮರಗಟ್ಟಿಸ್ಕೊಂಡು ಬಂದ್ರು, ಕನ್ನಡಕ ಕಾರಲ್ಲೇ ಬಿಟ್ಟಿದ್ರಂತೆ. ಅಷ್ಟರಲ್ಲಿ ನಿಮ್ಮವರು ನಮ್ಮ ಕಾರು ಒಯ್ದಾಗಿತ್ತು. ಉಳಿದದ್ದು ಒಂದೇ ಬಿಳಿ ಕಾರು. ಅದನ್ನೇ ಹತ್ತಿದ್ರು."

"ಕೀಲಿ ಹೇಗೆ ತಿರುಗಿತು?"

"ಮೆಕ್ಯಾನಿಕ್ಕು ಹೇಳಿದ. ಈ ಹಳೇ ಗಾಡಿ ಕೀಲಿಗಳು ಸವೆದೂ ಸವೆದೂ ನುಣ್ಣಗಾಗಿರ್ತವಂತೆ. ಒಂದರ ಕೀಲಿ ಇನ್ನೊಂದಕ್ಕೆ ಹೋಗತ್ತಂತೆ."

"ಮತ್ತೆ ನೀವು ಯಾಕೆ ಹೇಳಲಿಲ್ಲ ಅವರಿಗೆ?"

ಅವಳ ನಗು ಸ್ವಲ್ಪ ಸಣ್ಣದಾಯಿತು. "ಹೇಳೋಕೆ ಬಿಟ್ರೆ ತಾನೆ. ಅದರ ಹಿಂದಿನ ದಿನ ನಾನು ಕಾರು ತಗೊಂಡು ತಂಗಿ ಮನೆಗೆ ಹೋಗಿದ್ದೆ. 'ಒಂದೇ ದಿನದಲ್ಲಿ ನನ್ನ ಗಾಡೀನ ಮುದುಕ ಮಾಡಿಟ್ಟೆ' ಅಂತ ಮಾತು ಬಿಟ್ಟಿದಾರೆ. ಇನ್ಮೇಲೆ ನನಗೆ ಕೀಲಿ ಮುಟ್ಟಬೇಡ ಅಂದಿದಾರೆ. ಇವತ್ತು ಅವರು ಸ್ನಾನಕ್ಕೆ ಹೋದಾಗ ಎತ್ಕೊಂಡು ಬಂದೆ."

"ನಮ್ಮವರಂತೂ ನಿಮ್ಮ ಗಾಡೀನ ತಾವೇ ರಿಪೇರಿ ಮಾಡಿದ್ದು ಅಂತ ಊರಿಗೆಲ್ಲ ಎಣ್ಣೆ ಹಂಚಿದಾರೆ."

"ಹಾಗಾದ್ರೆ ಹೇಳಲ್ವಾ ನೀವು?"

ನಾನು ಯೋಚಿಸಿದೆ. ದಿಣ್ಣೆಯ ಮೇಲಿನ ಆ ಮುಖ ನೆನಪಾಯಿತು. "ಇಲ್ಲ. ನೀವು?"

"ನಾನ್ಯಾಕೆ ಹೇಳಲಿ? ಬೈದಿದ್ದಕ್ಕೆ ಗಾಡಿ ಮುನಿಸ್ಕೊಂಡಿತ್ತು, ನಾನು ಸಮಾಧಾನ ಮಾಡಿ ಸರಿ ಮಾಡ್ದೆ ಅಂತೀನಿ. ಇನ್ಮೇಲೆ ಕೀಲಿ ನನ್ನ ಹತ್ರಾನೇ ಇರತ್ತೆ."

ಎರಡು ದೇಶಗಳು ಗಡಿಯಲ್ಲಿ ಸೆರೆಯಾಳುಗಳನ್ನು ಬದಲಾಯಿಸಿಕೊಳ್ಳುವಂತೆ ನಾವು ಗಂಭೀರವಾಗಿ ಕಾರುಗಳನ್ನು ಬದಲಾಯಿಸಿಕೊಂಡೆವು, ಕೊನೆಗೆ ಕನ್ನಡಕವನ್ನೂ ಒಪ್ಪಿಸಿದೆ. ಅವಳು ಹೊರಟವಳು ಕಿಟಕಿ ಇಳಿಸಿ ಕೂಗಿದಳು, "ಅಂದಹಾಗೆ, ನಮ್ಮವರು ನಿಮ್ಮ ಗಾಡೀನ ರಿಪೇರಿಗೆ ಬಿಟ್ಟಿದ್ರು! ಗಡಗಡ ಎಲ್ಲಿಂದ ಬರತ್ತೆ ಅಂತ ಮೆಕ್ಯಾನಿಕ್ಕಿಗೆ ಸಿಗಲಿಲ್ಲ. ಬರಿಗೈಲಿ ಕಳಿಸಬಾರದು ಅಂತ ಗಡಿಯಾರ ಸರಿ ಮಾಡಿ ಕಳಿಸಿದ!"

ನಮ್ಮ ಕಾರಿನೊಳಗೆ ಕೂತೆ. ಹೌದು, ಗಡಿಯಾರ ಓಡುತ್ತಿತ್ತು. ಉಳಿದದ್ದೆಲ್ಲ ಮೊದಲಿನ ಹಾಗೇ. ಗಡಗಡ ಎನ್ನುತ್ತ ಮನೆಗೆ ಬಂದು, ಗೇಟಿನ ಏರನ್ನು ಎರಡನೇ ಪ್ರಯತ್ನಕ್ಕೆ ಹತ್ತಿದೆ. ಕಾವಲುಗಾರ ಗಾಜಿನ ಹತ್ತಿರ ಮುಖ ತಂದ.

"ಅಮ್ಮಾ, ಇದು ಹಳೇ ಸ್ಟಿಕ್ಕರ್ ಅಲ್ವಾ? ಕರಗಿ ಹೋಗಿದ್ದು?"

"ಮತ್ತೆ ಬಂದಿದೆ."

"ಅದೇ ಜಾಗಕ್ಕೇ?"

"ಅದೇ ಜಾಗಕ್ಕೇ."

ಅವನು ಕಾರಿಗೆ ಕೈಮುಗಿದ. "ಎಣ್ಣೆ ಸಾಮಾನ್ಯದ್ದಲ್ಲ ಬಿಡಿ ಅಮ್ಮಾ."

ಸಂಜೆ ನಮ್ಮವರು ಬಂದು, ಹೊದಿಕೆ ತೆಗೆದು, ಕಾರನ್ನು ಒಂದು ಸುತ್ತು ಹೊಡೆಸಿಕೊಂಡು ಬರಲು ಹೋದರು. ನಾನು ಬಾಲ್ಕನಿಯಲ್ಲಿ ಕಂಬಿ ಹಿಡಿದು ನಿಂತೆ. ಗಡಗಡ ಹೋಯಿತು, ಗಡಗಡ ಬಂತು. ಮೆಟ್ಟಿಲ ಮೇಲೆ ಅವರ ಹೆಜ್ಜೆ ನಿಧಾನವಾಗಿ ಏರಿ ಬಂತು. ಹೇಳಿಬಿಡಬೇಕೇನೋ ಅನ್ನಿಸಿತು. ಬಾಗಿಲು ತೆಗೆದೆ.

ಅವರ ಕಣ್ಣು ಹೊಳೆಯುತ್ತಿತ್ತು.

"ಗಡಿಯಾರ ಓಡ್ತಿದೆ ಕಣೇ!"

"ಆದ್ರೆ ಗಡಗಡ..."

"ಗಡಗಡ ಬಂದೇ ಬರತ್ತೆ. ಇದ್ದ ಎಣ್ಣೆಯೆಲ್ಲ ಈಗ ಗಡಿಯಾರಕ್ಕೆ ಇಳಿದಿದೆ. ಒಂದು ಬಾಟಲಿ ಸಾಲದು ಅಂತ ಅರ್ಥ."

"ಭಾವ ಕೇಳಿದ್ರೆ ಏನಂತಾರೋ" ಎಂದೆ. ನನ್ನ ಭಯ ಅದೊಂದೇ ಆಗಿತ್ತು.

ಆದರೆ ಭಾವ ಕೇಳುವ ಸ್ಥಿತಿಯಲ್ಲಿರಲಿಲ್ಲ. ಅವರ ಹೆಂಡತಿ ರಾತ್ರಿ ನನಗೆ ಗುಟ್ಟಾಗಿ ಫೋನ್ ಮಾಡಿದರು. "ನಮ್ಮನೆಯವರು ನಿನ್ನೆ ಹೊಸ ಗಾಡಿಗೆ ಒಂದು ಡಬ್ಬಿ ಎಣ್ಣೆ ಹುಯ್ದಿದಾರೆ ಕಣೇ. ನಾಲ್ಕು ಕಿಟಕೀನೂ ಜರ್ರಂತ ಒಳಗೆ ಇಳಿದುಹೋಗಿವೆ, ಮೇಲೆ ಬರ್ತಾನೇ ಇಲ್ಲ. ಗಾಡಿ ಸರ್ವೀಸಿಗೆ ಹೋಗಿದೆ. ಇವತ್ತು ಆಫೀಸಿಗೆ ನಡ್ಕೊಂಡೇ ಹೋದ್ರು. ಕೇಳಿದೋರಿಗೆ ಆರೋಗ್ಯಕ್ಕೆ ಅಂತಿದಾರೆ. ನಿಮ್ಮನೇಲಿ ಇನ್ನು ಯಾರೂ ಕಾರಿನ ಮಾತು ಎತ್ತೋದು ಬೇಡ ಅಂತ ಹೇಳು ಅಂದ್ರು."

ಯಾರೂ ಎತ್ತಲಿಲ್ಲ. ಸೋಮವಾರ ಕಳೆಯಿತು. ವಾಪಸು ಕೊಡುವ ವಾರವೂ ಕಳೆಯಿತು. ಕಾರು ನಮ್ಮದೇ ಆಯಿತು.

ಆ ಸೋಮವಾರದ ರಾತ್ರಿ ಮಾತ್ರ ನಾನು ಕತ್ತಲಲ್ಲಿ ಕಣ್ಣು ಬಿಟ್ಟುಕೊಂಡು ಮಲಗಿದ್ದೆ. ಪಕ್ಕದಲ್ಲಿ ನಮ್ಮವರು ದೊಡ್ಡ ಬಾಟಲಿಯ ಕನಸು ಕಾಣುತ್ತ ಗೊರಕೆ ಹೊಡೆಯುತ್ತಿದ್ದರು. ಕಿಟಕಿಯ ಕೆಳಗಿನಿಂದ ಬಂತು.

ಟಕ್.

ನಾನು ಏಳಲಿಲ್ಲ.

"ಬಂತಾ?" ಎಂದಿತು ಪಕ್ಕದ ಕೋಣೆಯಿಂದ ಅತ್ತೆಯ ಧ್ವನಿ, ಮೆಲ್ಲಗೆ.

"ಏನು ಅತ್ತೆ?"

"ನಮ್ಮ ಕಾರು."

ನಾನು ಎದ್ದು ಅವರ ಬಾಗಿಲಿಗೆ ಹೋದೆ. ಅತ್ತೆ ಹಾಸಿಗೆಯಲ್ಲಿ ಕೂತು, ಹಲ್ಲು ಹೋದ ಕಡೆಯ ಕೆನ್ನೆ ಸವರಿಕೊಳ್ಳುತ್ತಿದ್ದರು.

"ನಿಮಗೆ ಯಾವಾಗ ಗೊತ್ತಾಯ್ತು?"

"ಕೂತ ತಕ್ಷಣ. ಸ್ಪ್ರಿಂಗು ನನ್ನ ಬೆನ್ನಿನ ಗುರುತು ಹಿಡೀಲಿಲ್ಲ. ದಾರಿಯುದ್ದಕ್ಕೂ ಹೇಳಿದೆ, ಹತ್ತಿ ಬಿಡಲಿಲ್ಲ."

"ಮರುದಿನ ಹತ್ತಿ ಇರಲಿಲ್ವಲ್ಲ ಅತ್ತೆ."

"ಇರಲಿಲ್ಲ. ಅವನ ಮುಖ ಇತ್ತು."

ಕೆಳಗೆ ಕಾರು ತನ್ನ ಚಿಲಕವನ್ನು ಮತ್ತೆ ಹಾಕಿಕೊಂಡಿತು. ಅತ್ತೆ ದಿಂಬು ಸರಿಮಾಡಿ ಮಲಗಿ, ಹೊದಿಕೆಯನ್ನು ಗಲ್ಲದವರೆಗೆ ಎಳೆದುಕೊಂಡರು.

"ಹೋಗಿ ಮಲ್ಕೋ. ನನ್ನ ಬಾಯಲ್ಲಿ ಆ ಹತ್ತಿ ಇನ್ನೂ ಇದೆ ಅಂದ್ಕೋ."